ವಿಭಾಂಡಕರ ಸಿಲಬಸ್

ನಾವಿರುವ ಟೆಕ್ಸಾಸ್‌ನಲ್ಲಿ ಕಾರು ಓಡಿಸಲು ಲೈಸೆನ್ಸ್ ಬೇಕು, ಇನ್ನೊಬ್ಬರ ಕ್ಷೌರ ಮಾಡಲೂ ಲೈಸೆನ್ಸ್ ಬೇಕು. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತೇವೆಂದರೆ ಮಾತ್ರ ಅಪ್ಪ ಅಮ್ಮ ಎಷ್ಟು ಓದಿದ್ದಾರೆಂದು ಕೇಳುವವರಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು 1994ರಲ್ಲಿ ಹೋಮ್‌ಸ್ಕೂಲನ್ನು ಖಾಸಗಿ ಶಾಲೆಯೆಂದೇ ಒಪ್ಪಿಬಿಟ್ಟಿದೆ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಉತ್ತಮ ಪೌರತ್ವ, ಈ ಐದನ್ನು ಕಲಿಸಿದರೆ ಆಯಿತು. 2020ರಲ್ಲಿ ಕೊರೊನಾ ಬಂದು ಮಗಳು ಮನೆಯಲ್ಲಿ ಕೂತಳು. ಕೂತವಳನ್ನು ನಾವು ಏಳಿಸಲೇ ಇಲ್ಲ. ಮೊದಲ ಮೂರು ವಿಷಯ ನಮ್ಮನೆಯವಳ ಪಾಲಿಗೆ, ಗಣಿತ ನನ್ನ ಪಾಲಿಗೆ. ಪೌರತ್ವ ಯಾರದ್ದೆಂದು ಇತ್ಯರ್ಥವಾಗದೆ ಉಳಿಯಿತು.

ಭಿನ್ನರಾಶಿ ಬರುವವರೆಗೆ ನನ್ನ ಮೇಷ್ಟ್ರಗಿರಿ ಚೆನ್ನಾಗಿಯೇ ನಡೆದಿತ್ತು. ಮುಕ್ಕಾಲರಿಂದ ಭಾಗಿಸಬೇಕಾದರೆ ತಲೆಕೆಳಗು ಮಾಡಿ ಗುಣಿಸು ಎಂದೆ. ‘ಯಾಕಪ್ಪಾ?’ ಎಂದಳು. ನಮ್ಮ ಕಾಲದಲ್ಲಿ ಹಾಗೆ ಕೇಳಿದವರು ಬೆಂಚಿನ ಮೇಲೆ ನಿಲ್ಲುತ್ತಿದ್ದರು. ಇಲ್ಲಿ ನಿಲ್ಲುವ ಸರದಿ ಮೇಷ್ಟ್ರದ್ದು. ಅವಳು ಮಲಗಿದ ಮೇಲೆ ಗಂಡ ಹೆಂಡತಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡೆವು. ಇಬ್ಬರೂ ಇಂಜಿನಿಯರುಗಳು, ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ಇವಳು ಎದ್ದು ಮೂರು ದೋಸೆ ಹೊಯ್ದಳು. ಒಬ್ಬೊಬ್ಬರಿಗೆ ಮುಕ್ಕಾಲು ದೋಸೆಯಂತೆ ಎಷ್ಟು ಜನಕ್ಕೆ ಬರುತ್ತದೆ? ಪ್ರತಿ ದೋಸೆಯನ್ನೂ ನಾಲ್ಕು ತುಂಡು ಮಾಡಿದರೆ ಹನ್ನೆರಡು. ಮೂರು ಮೂರು ಹಂಚಿದರೆ ನಾಲ್ಕು ಜನ. ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ದೆವು! ನಡುರಾತ್ರಿಯಲ್ಲಿ ಆ ಹನ್ನೆರಡು ತುಂಡನ್ನೂ ನಾವಿಬ್ಬರೇ ತಿಂದು ಮುಗಿಸಿದೆವು. ಶಾಲೆಯ ಫೀಸು ಉಳಿಯಿತು ಎಂದು ಲೆಕ್ಕ ಹಾಕುವವರು ಈ ಖರ್ಚನ್ನು ಬರೆದಿಡುವುದಿಲ್ಲ.

ಮಳೆಗಾಲದಲ್ಲಿ ಊರಿಗೆ, ಶೃಂಗೇರಿ ಹತ್ತಿರದ ಕಿಗ್ಗಕ್ಕೆ ಬಂದೆವು. ಅಪ್ಪಯ್ಯನಿಗೆ ವಿಷಯ ತಿಳಿಯಿತು. ‘ಅಲ್ಲ ಮಾರಾಯ, ಅಷ್ಟು ದೊಡ್ಡ ಅಮೆರಿಕದಲ್ಲಿ ಒಂದು ಸ್ಕೂಲಿಲ್ವನಾ?’

ಉತ್ತರ ಕೊಡುವ ಬದಲು ಮಗಳನ್ನು ಅಡಿಕೆ ತೋಟಕ್ಕೆ ಕರೆದೊಯ್ದೆ. ಅಪ್ಪಯ್ಯ 9 ಅಡಿಗೊಂದು ಮರ, ಎಕರೆಗೆ 540 ಎಂದರು. ಅವಳು 43,560 ಚದರ ಅಡಿಯನ್ನು 81ರಿಂದ ಭಾಗಿಸಿ, ‘ಅಜ್ಜಾ, 537 ಅಷ್ಟೇ ಆಗತ್ತೆ. ಇನ್ನು ಮೂರು ಎಲ್ಲಿ?’ ಎಂದಳು. ಅಪ್ಪಯ್ಯ ಕವಳ ಉಗುಳಿ ಬೇಲಿ ಕಡೆ ಕೈ ತೋರಿಸಿದರು. ಮೂರು ಮರ ಪಕ್ಕದವರ ಗಡಿಗೆ ಒಂದೊಂದು ಅಡಿ ಆಚೆ ನಿಂತಿದ್ದವು. ಬಾಕಿ ಉಳಿದಿದ್ದ ಪೌರತ್ವದ ಪಾಠ ಹೀಗೆ ಮುಗಿಯಿತು.

ಅಷ್ಟರಲ್ಲಿ ಮಗಳ ಕಾಲಿಗೆ ಇಂಬಳ ಹತ್ತಿತ್ತು. ನಮ್ಮನೆಯವಳು ಮೊಬೈಲ್ ತೆಗೆದು, ಇದಕ್ಕೆ ಮೂರು ದವಡೆ, ಐದು ಜೊತೆ ಕಣ್ಣು, ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಒಂದು ರಸ ಬಿಡುತ್ತದೆ ಎಂದು ಗಟ್ಟಿಯಾಗಿ ಓದತೊಡಗಿದಳು. ಮಗಳು ಅಳು ಬಿಟ್ಟು ಕಣ್ಣು ಎಣಿಸಲು ಬಗ್ಗಿದಳು. ಪಾಠ ಮುಗಿಯುವುದರೊಳಗೆ ಅಮ್ಮ ಎಲೆಗೆ ಹಚ್ಚುವ ಸುಣ್ಣ ತಂದು ಮುಟ್ಟಿಸಿದರು, ಇಂಬಳ ಉದುರಿತು. ಅಮ್ಮ ಓದಿದ್ದು ನಾಲ್ಕನೇ ಇಯತ್ತೆ.

ಸಂಜೆ ಋಷ್ಯಶೃಂಗೇಶ್ವರನ ದೇವಸ್ಥಾನಕ್ಕೆ ಹೋದೆವು. ಮಳೆ ಬಾರದಿದ್ದರೂ ಇಲ್ಲಿಗೇ ಬರಬೇಕು, ಬಂದದ್ದು ನಿಲ್ಲದಿದ್ದರೂ ಇಲ್ಲಿಗೇ ಬರಬೇಕು. ಮಗಳಿಗೆ ಕಥೆ ಹೇಳಿದೆ: ವಿಭಾಂಡಕ ಮುನಿ ಮಗ ಋಷ್ಯಶೃಂಗನನ್ನು ಕಾಡಿನಲ್ಲೇ ಇಟ್ಟುಕೊಂಡು ಎಲ್ಲ ವಿದ್ಯೆಯನ್ನೂ ತಾನೇ ಕಲಿಸಿದ. ಹುಡುಗ ಅಪ್ಪನ ಹೊರತು ಬೇರೆ ಮನುಷ್ಯರನ್ನೇ ಕಂಡವನಲ್ಲ. ಅಂಗದೇಶದಲ್ಲಿ ಮಳೆ ಹೋಯಿತು. ಇವನು ಕಾಲಿಟ್ಟರೆ ಮಳೆ ಬರುತ್ತದೆಂದು ರೋಮಪಾದ ರಾಜ ಇವನನ್ನು ಕರೆಸಲು ವೇಶ್ಯೆಯರನ್ನು ಕಳಿಸಿದ. ಬಂದವಳನ್ನು ಹುಡುಗ ಯಾರೋ ಬ್ರಹ್ಮಚಾರಿ ಎಂದುಕೊಂಡು ಸಂಜೆ ಅಪ್ಪನೆದುರು ಜಡೆ, ಗೆಜ್ಜೆ, ನಡಿಗೆ ಎಲ್ಲವನ್ನೂ ಬಣ್ಣಿಸಿದ. ಅಪ್ಪ, ಅವರೆಲ್ಲ ರಾಕ್ಷಸರು ಮಗಾ, ಹತ್ತಿರ ಸೇರಿಸಬೇಡ ಎಂದುಬಿಟ್ಟ.

‘ಹೋಮ್‌ಸ್ಕೂಲಾ?’ ಎಂದಳು ಮಗಳು.

ಹೌದು. ಮಹಾಭಾರತದಲ್ಲೇ ಇದೆ. ನನ್ನ ಪ್ರಕಾರ ವಿಭಾಂಡಕರು ವೇದದಲ್ಲಿ ಎಡವಿದವರಲ್ಲ. ಮಗ ಹೊಸದೊಂದನ್ನು ಕಂಡು ಬಂದು ಬಾಯ್ತುಂಬ ಹೇಳುವಾಗ, ಜೊತೆಗೆ ಕೂತು ‘ಮತ್ತೇನು ಕಂಡೆ?’ ಎಂದು ಕೇಳಲಿಲ್ಲ, ಅಷ್ಟೇ. ಅದು ಅವರ ಸಿಲಬಸ್ಸಿನಲ್ಲಿ ಇರಲಿಲ್ಲ. ಮುಂದಿನ ಸಲ ಅವರು ಹಣ್ಣು ತರಲು ಹೋದಾಗ ಮಗ ದೋಣಿ ಹತ್ತಿ ಅಂಗದೇಶಕ್ಕೆ ಹೋದ, ಮಳೆ ಸುರಿಯಿತು, ರಾಜನ ಮಗಳು ಶಾಂತೆಯ ಜೊತೆ ಮದುವೆಯೂ ಆಯಿತು. ಈಗ ಅಪ್ಪನ ನೆಲೆ ಶೃಂಗೇರಿ ಪೇಟೆಯ ಗುಡ್ಡದ ಮಲಹಾನಿಕರೇಶ್ವರನಲ್ಲಿ, ಮಗನದು ಹತ್ತು ಕಿಲೋಮೀಟರು ದೂರದ ಕಿಗ್ಗದಲ್ಲಿ.

ಮನೆಯಲ್ಲೇ ಶಾಲೆ ತೆರೆಯುವ ಆಲೋಚನೆಯಿರುವ ಹೊರನಾಡ ಕನ್ನಡಿಗರು ಒಮ್ಮೆ ಇಬ್ಬರನ್ನೂ ನೋಡಿಕೊಂಡು ಬನ್ನಿ. ಮಳೆಗಾಲದಲ್ಲಿ ಬರುವುದಾದರೆ ಕಿಸೆಯಲ್ಲಿ ಸುಣ್ಣದ ಡಬ್ಬಿ ಇರಲಿ.