ಶ್ರಾದ್ಧದ ಭಾಷಣವನ್ನೂ ನಾನೇ ಹೊತ್ತು ಹಂಚಿದೆ!

ಕಿತ್ತಳೆ ಬಣ್ಣದ ಚೌಕ. ಮೂಲೆಯಲ್ಲೊಂದು ಬಿಳಿ ಚುಕ್ಕಿ, ಅದರ ಬೆನ್ನಿಗೆ ಎರಡು ಕಮಾನು. ಒಂದು ಕಾಲಕ್ಕೆ ವೆಬ್‌ಸೈಟುಗಳ ತಲೆಯ ಮೇಲೆ ಕೂತು ಮೆರೆದ ಆರ್‌ಎಸ್‌ಎಸ್ ಫೀಡ್ ಈಗ ಪುಟದ ಕಟ್ಟಕಡೆಗೆ, ಯಾರೂ ಓದದ ‘ನಿಯಮ ಮತ್ತು ಷರತ್ತು’ಗಳ ಪಕ್ಕದಲ್ಲಿ ವಾಸವಾಗಿದೆ. ಮಾತಿಗೆ ಸಿಕ್ಕಿದ್ದು ಅಲ್ಲೇ.

ನಮಸ್ಕಾರ. ಆರ್‌ಎಸ್‌ಎಸ್ ಅಂದರೆ...

ಶಾಖೆ ಎಷ್ಟು ಗಂಟೆಗೆ ಅಂತ ಮಾತ್ರ ಕೇಳಬೇಡಿ. ಕೇಳಿಸಿಕೊಂಡು ಸಾಕಾಗಿದೆ. ನಾನು ಹುಟ್ಟಿದ್ದು 1999ರ ಮಾರ್ಚಿನಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ. ಹುಟ್ಟಿಸಿದವರಲ್ಲೊಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. ನೆರೆಹೊರೆಯ ಸಂಬಂಧ ಅನ್ನಿ.

ಕೆಲಸ?

ಪಟ್ಟಿ ಬರೆಯೋದು. ಸೈಟಿನಲ್ಲಿ ಹೊಸದೇನು ಬಂತು, ತಲೆಬರಹ ಏನು, ಯಾವ ದಿನ, ಕೊಂಡಿ ಯಾವುದು, ಇಷ್ಟನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಟ್ಟು ಸುಮ್ಮನೆ ಕೂತಿರುತ್ತೇನೆ. ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ನಿಮ್ಮ ಫೋನಿನಲ್ಲಿರುವ ಫೀಡ್ ರೀಡರ್ರೇ ಆಗಾಗ ಬಂದು ‘ಹೊಸದೇನಾದ್ರೂ ಇದೆಯಾ?’ ಅನ್ನುತ್ತದೆ. ಇದ್ದರೆ ಒಯ್ಯುತ್ತದೆ. ಇಲ್ಲದಿದ್ದರೆ ನಮ್ಮ ಸರ್ವರ್ ‘304’ ಅನ್ನುತ್ತದೆ. ಏನೂ ಬದಲಾಗಿಲ್ಲ, ಹೋಗಿ ಬಾ ಅಂತ.

ಚಂದಾದಾರರಾಗಲು ಏನು ಕೊಡಬೇಕು?

ಏನೂ ಬೇಡ. ಮೊಬೈಲ್ ನಂಬರ್ ಬೇಡ, ಒಟಿಪಿ ಬೇಡ. ನನ್ನ ವಿಳಾಸವನ್ನು ರೀಡರಿಗೆ ಅಂಟಿಸಿದರೆ ಚಂದಾ ಆಯಿತು, ಅಳಿಸಿದರೆ ಮುಗಿಯಿತು. ‘ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ? ಕಾರಣ ತಿಳಿಸಿ’ ಎಂಬ ಅಳುಮುಖದ ಪತ್ರ ಬರುವುದಿಲ್ಲ. ಬರೆಯೋಣವೆಂದರೆ ನೀವು ಯಾರು ಅಂತಲೇ ನನಗೆ ಗೊತ್ತಿಲ್ಲ.

(ಸಂದರ್ಶಕನಿಗೆ ತನ್ನ ಇನ್‌ಬಾಕ್ಸ್ ನೆನಪಾಗಿ ಗಂಟಲುಬ್ಬಿತು.)

ಇಷ್ಟು ಸಾಧುಪ್ರಾಣಿಯನ್ನು ಮೂಲೆಗೆ ತಳ್ಳಿದ್ದೇಕೆ?

ಮೊದಲನೆಯದು ಮನೆಜಗಳ. 2000ದ ಡಿಸೆಂಬರಿನಲ್ಲಿ ಒಂದು ಗುಂಪು ನನಗೆ 1.0 ಅಂತ ನಾಮಕರಣ ಮಾಡಿತು; ಅದರಲ್ಲಿ 14 ವರ್ಷದ ಹುಡುಗ ಆರನ್ ಸ್ವಾರ್ಟ್ಜ್ ಕೂಡ ಇದ್ದ. ಅದು ಒಪ್ಪಿಗೆಯಾಗದ ಡೇವ್ ವೈನರ್ 2002ರಲ್ಲಿ 2.0 ತಂದರು. ಇವರಿಬ್ಬರ ಸಹವಾಸವೇ ಬೇಡ ಎಂದವರು ‘ಆಟಂ’ ಎಂಬ ಬೇರೆ ಮನೆಯನ್ನೇ ಹೂಡಿದರು. ಆಸ್ತಿ ಅಂತ ಒಂದು ಪೈಸೆ ಇರಲಿಲ್ಲ, ದಾಯಾದಿ ಕಲಹಕ್ಕೆ ಮಾತ್ರ ಕೊರತೆಯಿರಲಿಲ್ಲ. ಪುಣ್ಯಕ್ಕೆ ರೀಡರ್‌ಗಳು ಎಲ್ಲರನ್ನೂ ಓದುತ್ತವೆ.

ಗೂಗಲ್ ರೀಡರ್?

2005ರಲ್ಲಿ ಬಂತು, 2013ರ ಜುಲೈ 1ಕ್ಕೆ ಬೀಗ. ಬಳಸುವವರು ಕಡಿಮೆಯಾದರಂತೆ. 2018ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ಕೂಡ ನನ್ನ ಕೋಣೆ ಖಾಲಿ ಮಾಡಿಸಿತು. ಈ ಕಿತ್ತಳೆ ಅಂಗಿ ಹೊಲಿಸಿಕೊಟ್ಟವರೇ ಅವರು! ಇರಲಿ. ನನ್ನ ಅಸಲಿ ಅಪರಾಧ ಬೇರೆ. ನಾನು ತಾರೀಖಿನ ಪ್ರಕಾರ ಬಡಿಸುತ್ತೇನೆ. ಯಾರು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟರು ಎಂದು ಲೆಕ್ಕ ಬರೆದುಕೊಳ್ಳುವುದಿಲ್ಲ. ಪಟ್ಟಿ ಮುಗಿದರೆ ‘ಮುಗಿಯಿತು, ಏಳಿ’ ಅನ್ನುತ್ತೇನೆ. ಹಾಗೆನ್ನುವವನಿಗೆ ಜಾಹೀರಾತಿನ ಪೇಟೆಯಲ್ಲಿ ಕೆಲಸ ಯಾರು ಕೊಡುತ್ತಾರೆ?

ಅಲ್ಗಾರಿದಂ ಆದರೆ ಜನರಿಗೆ ಬೇಕಾದ್ದನ್ನೇ ಕೊಡುತ್ತದಂತೆ?

ಕೊಡುತ್ತದೆ. ಒಂದೇ ಒಂದು ಸಲ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಡಿಯೊ ನೋಡಿ, ಮುಂದಿನ ಯುಗಾದಿವರೆಗೆ ಬದನೆಕಾಯಿಯೇ. ಗೆಳೆಯನ ತಂದೆ ತೀರಿಕೊಂಡ ಸುದ್ದಿ ಮಾತ್ರ ವೈಕುಂಠ ಸಮಾರಾಧನೆ ಮುಗಿದ ಮೇಲೆ ಕಾಣಿಸುತ್ತದೆ.

ನಿಮ್ಮಲ್ಲಿ ದೋಷವೇ ಇಲ್ಲವೇ?

ಯಾಕಿಲ್ಲ? ಆಸೆಬುರುಕರು ನೂರಾರು ಸೈಟು ಸೇರಿಸಿಕೊಂಡರೆ ಓದದೇ ಉಳಿದದ್ದು ಸಾವಿರ ದಾಟಿ ಎದೆ ನಡುಗಿಸುತ್ತದೆ. ಕೆಲವು ಯಜಮಾನರು ನನ್ನ ಕೈಗೆ ಮೊದಲ ಎರಡು ಸಾಲು ಮಾತ್ರ ಕೊಟ್ಟು, ಮಿಕ್ಕದ್ದಕ್ಕೆ ನೀವು ಅವರಂಗಡಿಗೇ ಬರುವಂತೆ ಮಾಡುತ್ತಾರೆ. ಇನ್ನು ಕೆಲವರು ನನ್ನನ್ನು ಮನೆಗೇ ಸೇರಿಸಿಲ್ಲ.

ನೀವು ಸತ್ತಿರೆಂದು ಸುದ್ದಿಯಿತ್ತು...

ಒಬ್ಬರಂತೂ ಪಾಡ್‌ಕಾಸ್ಟಿನಲ್ಲಿ ಒಂದು ಗಂಟೆ ಗೋಳಾಡಿದರು. ಪಾಡ್‌ಕಾಸ್ಟಿನ ಕಂತುಗಳು ಆ್ಯಪ್‌ಗಳಿಗೆ ತಲುಪುವುದೇ ನನ್ನ ಪಟ್ಟಿಯಿಂದ ಸ್ವಾಮಿ! ಪಟ್ಟಿಯಲ್ಲಿ ಆಡಿಯೊ ಕಡತದ ವಿಳಾಸವೂ ಇರುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಶ್ರಾದ್ಧದ ಭಾಷಣವನ್ನೂ ಊರೂರಿಗೆ ನಾನೇ ಹೊತ್ತು ಹಂಚಿದೆ.

ನಮ್ಮ ಓದುಗರು ನಿಮ್ಮನ್ನು ಹುಡುಕುವುದು ಹೇಗೆ?

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸೈಟಾದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು, ಇಂಗ್ಲಿಷ್ ಅಕ್ಷರದಲ್ಲಿ ‘ಫೀಡ್’ ಎಂದು ಬರೆಯಿರಿ, ಸಾಮಾನ್ಯವಾಗಿ ಸಿಗುತ್ತೇನೆ. ಕನ್ನಡ ವಿಕಿಪೀಡಿಯದ ಇತ್ತೀಚಿನ ಬದಲಾವಣೆಗಳಿಗೂ ಫೀಡ್ ಇದೆ. ಯಾರು ಯಾವ ಲೇಖನಕ್ಕೆ ಕೈ ಹಾಕಿದರು ಎಂದು ಕೂತಲ್ಲೇ ನೋಡಬಹುದು. ರೀಡರ್ ಬೇಕಲ್ಲ? ಫೀಡ್ಲಿ, ಇನೋರೀಡರ್ ಖಾತೆ ತೆರೆಯಿರಿ ಅನ್ನುತ್ತವೆ, ಥಂಡರ್‌ಬರ್ಡ್ ಅದನ್ನೂ ಕೇಳುವುದಿಲ್ಲ. ನಾಲ್ಕೇ ಸೈಟಿನಿಂದ ಶುರು ಮಾಡಿ. ಮೊದಲ ದಿನವೇ ನಲವತ್ತು ಸೇರಿಸಿಕೊಂಡು ಆಮೇಲೆ ನನ್ನನ್ನು ಬೈಯಬೇಡಿ.