ಅಶೋಕನಿಗೊಂದು ನಡತೆ ಪ್ರಮಾಣಪತ್ರ

ಸತ್ತು ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅಶೋಕನಿಗೆ ಇನ್ನೂ ನಡತೆ ಪ್ರಮಾಣಪತ್ರ ಸಿಕ್ಕಿಲ್ಲ. ಕಡತ ಮಾತ್ರ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇದೆ. ಒಬ್ಬರು ‘ಕ್ರೂರಿ’ ಎಂದು ಷರಾ ಬರೆಯುತ್ತಾರೆ. ಪಕ್ಕದವರು ಅದನ್ನು ಹೊಡೆದುಹಾಕಿ ‘ಜ್ಞಾನಿ’ ಎಂದು ಮೊಹರು ಒತ್ತುತ್ತಾರೆ. ಕಡತ ಬಿಚ್ಚಿ ಓದಬಾರದು ಎಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಒಮ್ಮತ.

‘ಕ್ರೂರಿ’ ಪಕ್ಷದವರ ಮುಖ್ಯ ಸಾಕ್ಷಿ ಸಿಂಹಳದ ಬೌದ್ಧ ಗ್ರಂಥ ಮಹಾವಂಸ. ಈತ ತೊಂಬತ್ತೊಂಬತ್ತು ಅಣ್ಣತಮ್ಮಂದಿರನ್ನು ಕೊಂದು ಪಟ್ಟಕ್ಕೇರಿದನಂತೆ. ಆದರೆ ಇದೇ ಅಶೋಕ ಅಣ್ಣತಮ್ಮಂದಿರ, ಅಕ್ಕತಂಗಿಯರ ಅಂತಃಪುರಗಳ ಉಸ್ತುವಾರಿಗೆ ಅಧಿಕಾರಿಗಳನ್ನು ಇಟ್ಟಿದ್ದನೆಂದು ಅವನ ಐದನೆಯ ಬಂಡೆಶಾಸನ ಹೇಳುತ್ತದೆ. ಒಂದೇ ದಿನ ಆಜೀವಿಕ ಪಂಥದ 18,000 ಜನರನ್ನು ಕೊಲ್ಲಿಸಿದನೆಂದು ಇನ್ನೊಂದು ಬೌದ್ಧ ಗ್ರಂಥ ಅಶೋಕಾವದಾನ ಬರೆದರೆ, ಬಿಹಾರದ ಬರಾಬರ್ ಬೆಟ್ಟದಲ್ಲಿ ಅದೇ ಆಜೀವಿಕರಿಗೆ ಅವನು ಕೊಟ್ಟ ಗುಹೆಗಳು ಇವತ್ತಿಗೂ ಇವೆ. ಧರ್ಮದ ಮಹಿಮೆ ಹೆಚ್ಚಲೆಂದು ಭಕ್ತರೇ ರಾಜನ ಪೂರ್ವಾಶ್ರಮಕ್ಕೆ ಮಸಿ ಬಳಿದರು. ಈಗ ಆ ಮಸಿಯನ್ನು ಬೌದ್ಧಧರ್ಮ ಕಂಡರಾಗದವರು ಜೋಪಾನವಾಗಿ ಕಾಯ್ದುಕೊಂಡಿದ್ದಾರೆ.

‘ಜ್ಞಾನಿ’ ಪಕ್ಷದವರಿಗೆ ಪಠ್ಯಪುಸ್ತಕದ ಚಿತ್ರವೊಂದೇ ಸಾಕು: ಹೆಣಗಳ ನಡುವೆ ತಲೆ ತಗ್ಗಿಸಿ ನಿಂತ ರಾಜ. ಹದಿಮೂರನೆಯ ಬಂಡೆಶಾಸನದಲ್ಲಿ ಪಶ್ಚಾತ್ತಾಪವೇನೋ ಇದೆ. ಕಳಿಂಗ ಯುದ್ಧದಲ್ಲಿ ಹತರಾದವರು ಒಂದು ಲಕ್ಷ, ಗಡೀಪಾರಾದವರು ಒಂದೂವರೆ ಲಕ್ಷ ಎಂಬ ಲೆಕ್ಕವೂ ಇದೆ. ಆ ಒಂದೂವರೆ ಲಕ್ಷ ಜನರನ್ನು ಊರಿಗೆ ಕಳಿಸಿದ ಸುದ್ದಿ ಇಲ್ಲ. ಗೆದ್ದ ಕಳಿಂಗವನ್ನು ಬಿಟ್ಟುಕೊಟ್ಟದ್ದೂ ಇಲ್ಲ. ಕಾಡಿನ ಜನರಿಗಂತೂ ಅದೇ ಶಾಸನದಲ್ಲಿ ಎಚ್ಚರಿಕೆ: ರಾಜ ಮರುಗಿದ್ದಾನೆ ನಿಜ, ದಂಡಿಸುವ ಶಕ್ತಿ ಹೋಗಿಲ್ಲ, ನೆನಪಿರಲಿ. ಇನ್ನು ಈ ಶಾಸನವನ್ನು ಎಲ್ಲೆಲ್ಲಿ ಕೆತ್ತಿಸಿದ? ಗುಜರಾತಿನ ಗಿರ್ನಾರದಲ್ಲಿದೆ, ಹಿಮಾಲಯದ ತಪ್ಪಲಿನ ಕಾಲ್ಸಿಯಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇಲ್ಲ! ಅಲ್ಲಿ ‘ಎಲ್ಲ ಪ್ರಜೆಗಳೂ ನನ್ನ ಮಕ್ಕಳು’ ಎಂಬ ಬೇರೆಯದೇ ಒಕ್ಕಣೆ. ಊರಿಗೆಲ್ಲ ಕ್ಷಮಾಪಣೆ ಹಂಚಿ, ನೊಂದವರ ಮನೆಗೆ ಮಾತ್ರ ತಲುಪಿಸದ ಈ ಜಾಣತನಕ್ಕೆ ಇವತ್ತಿನ ಯಾವ ಸರ್ಕಾರದ ಪ್ರಚಾರ ವಿಭಾಗವೂ ತಲೆದೂಗಬೇಕು.

ಹಾಗಿದ್ದೂ ಈ ಮನುಷ್ಯನನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಅರಮನೆಯ ಅಡುಗೆಮನೆಯಲ್ಲಿ ಲಕ್ಷಗಟ್ಟಲೆ ಪ್ರಾಣಿಗಳ ವಧೆ ನಿಲ್ಲಿಸಿದೆ ಎಂದು ಬರೆಸಿ ಕೈತೊಳೆದುಕೊಳ್ಳಬಹುದಿತ್ತು. ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಇನ್ನೂ ಬೇಯುತ್ತಿವೆ, ಜಿಂಕೆ ದಿನವೂ ಇಲ್ಲ, ಮುಂದೆ ಅವನ್ನೂ ಬಿಡುತ್ತೇವೆ ಎಂದು ಕಲ್ಲಿನಲ್ಲಿ ಒಪ್ಪಿಕೊಂಡ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲಿ, ಉಪಾಸಕನಾಗಿ ಎರಡೂವರೆ ವರ್ಷವಾದರೂ ಒಂದು ವರ್ಷ ಅಷ್ಟೇನೂ ಶ್ರದ್ಧೆಯಿಂದ ನಡೆದುಕೊಳ್ಳಲಿಲ್ಲ ಎಂದಿದ್ದಾನೆ. ಇಂಥ ವಾಕ್ಯವಿರುವ ಸರ್ಕಾರಿ ಸಾಧನಾ ಪುಸ್ತಿಕೆ ನಿಮ್ಮ ಕೈಗೆ ಯಾವತ್ತಾದರೂ ಬಂದಿದೆಯೇ?

ನನ್ನ ತೀರ್ಪು ಇಷ್ಟೇ: ಅಶೋಕ ಕೊಂದ, ಮರುಗಿದ, ರಾಜ್ಯ ಬಿಡಲಿಲ್ಲ, ಅಂದರೆ ಅಪ್ಪಟ ಅರಸ. ಆದರೆ ತನ್ನಿಂದ ಸತ್ತವರ ಲೆಕ್ಕವನ್ನು ತಾನೇ ಬಂಡೆಗೆ ಹಾಕಿಸಿದ. ಅವನನ್ನು ತೂಗಲು ಹೊರಟವರು ಮೊದಲು ತಮ್ಮೂರಿನ ಅಣೆಕಟ್ಟೆಯ ಅಡಿಗಲ್ಲು ಓದಲಿ. ಮಂತ್ರಿಗಳು, ಶಾಸಕರು, ‘ಘನ ಉಪಸ್ಥಿತಿ’ ಎಲ್ಲವೂ ಅಲ್ಲಿವೆ. ಮುಳುಗಿದ ಮನೆಗಳೆಷ್ಟು ಎಂಬುದನ್ನು ಮಾತ್ರ ಯಾರೂ ಕೆತ್ತಿಸಿಲ್ಲ.