ದ್ವಿಚಕ್ರೋಪದೇಶ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ದೂರ ಸುಮಾರು 20 ಕಿಲೋಮೀಟರೆಂದು ರಸ್ತೆಯ ಬದಿಯ ಕಲ್ಲುಗಳು ನಿಷ್ಪಕ್ಷಪಾತವಾಗಿ ಸಾರುತ್ತಿದ್ದರೂ, ಅದನ್ನು ಸೈಕಲ್ಲಿನ ಮೇಲೆ ಕ್ರಮಿಸುವವರ ಪಾಲಿಗೆ ಹೋಗುವ ದೂರ ಬೇರೆ, ಬರುವ ದೂರ ಬೇರೆ. ಧಾರವಾಡವು ಹುಬ್ಬಳ್ಳಿಗಿಂತ ಮೇಲಿರುವುದೂ, ಆಷಾಢದಲ್ಲಿ ಪಡುವಣ ಗಾಳಿಯು ಆ ದಿಕ್ಕಿನಿಂದಲೇ ನಮ್ಮ ಎದೆಗೆ ಎದುರಾಗಿ ಬೀಸುವುದೂ ಇದಕ್ಕೆ ಕಾರಣ. ವ್ಯಾಪಾರದಿಂದ ವಿದ್ಯೆಗೆ ಏರಬೇಕಾದರೆ ದಮ್ಮು ಬೇಕು, ಇಳಿಯುವುದಕ್ಕೆ ಬ್ರೇಕು ಸಾಕು ಎಂದು ಧಾರವಾಡದವರು ಇದಕ್ಕೊಂದು ಭಾಷ್ಯ ಬರೆದಿದ್ದಾರೆ. “ಹತ್ತಿ ಹೋದವರೆಲ್ಲಾ ಕಡೀಕ ರೊಕ್ಕಕ್ಕ ಇಲ್ಲಿಗೇ ಇಳೀಬೇಕಲ್ರೀ” ಎಂಬುದು ಹುಬ್ಬಳ್ಳಿಯವರ ಪ್ರತಿಭಾಷ್ಯ. ಏರಿಳಿತವಿಲ್ಲದ, ಹೊಂಡವಿಲ್ಲದ ಹಾದಿ ಈ ಅವಳಿನಗರದಲ್ಲಿ ಒಂದೇ ಒಂದು. ಅದು 2023ರಲ್ಲಿ ಉದ್ಘಾಟನೆಯಾದ, 1,507 ಮೀಟರು ಉದ್ದದ ಹುಬ್ಬಳ್ಳಿ ರೈಲುನಿಲ್ದಾಣದ ಪ್ಲಾಟ್‌ಫಾರ್ಮು. ದುರ್ದೈವವಶಾತ್ ರೈಲ್ವೆಯವರು ಅಲ್ಲಿ ಸೈಕಲ್ಲು ಬಿಡುವುದಿಲ್ಲ.

ಉಣಕಲ್ಲ ಕೆರೆಯ ದಂಡೆಯಲ್ಲಿ ನಸುಕಿನಲ್ಲಿ ಕೂಡುವ ನಮ್ಮ ಬಳಗದಲ್ಲಿ ಬ್ಯಾಂಕಿನವರಿದ್ದಾರೆ, ವೈದ್ಯರಿದ್ದಾರೆ, ಕಾಲೇಜಿನ ಮೇಷ್ಟರಿದ್ದಾರೆ, ಅಡತಿ ಅಂಗಡಿಯವರಿದ್ದಾರೆ. ವೃತ್ತಿಯಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಈ ಸಜ್ಜನರನ್ನು ಒಂದುಗೂಡಿಸಿರುವುದು ಸೈಕಲ್ಲು ಎಂದು ಹೊರಗಿನವರು ಭಾವಿಸಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪರಸ್ಪರ ಬುದ್ಧಿ ಹೇಳಬೇಕೆಂಬ ಅದಮ್ಯವಾದ ಉತ್ಕಂಠೆಯೇ ನಮ್ಮನ್ನು ಹಾಸಿಗೆಯಿಂದೆಬ್ಬಿಸಿ ತರುವ ಶಕ್ತಿ, ಸೈಕಲ್ಲು ಅದಕ್ಕೊಂದು ನಿಮಿತ್ತ.

ಹೊಸದಾಗಿ ಸೇರಿದವರೊಬ್ಬರು ಕೆರೆಯಿಂದ ಹೊರಟೊಡನೆಯೇ, “ಸರ, ನಿಮ್ಮ ಸೀಟ ಭಾಳ ತೆಳಗ ಐತ್ರಿ, ಮೊಣಕಾಲು ಹೋಗ್ತಾವ” ಎಂಬ ಎಚ್ಚರಿಕೆ ಬಂದು ಸೀಟು ಮೇಲೇರುತ್ತದೆ. ನವನಗರ ದಾಟುವುದರೊಳಗಾಗಿ ಇನ್ನೊಬ್ಬರು ಪಕ್ಕಕ್ಕೆ ಬಂದು, “ಇಷ್ಟ ಮ್ಯಾಲೆ ಇಟ್ಟೀರಲ್ರೀ, ಟೊಂಕ ಉಳೀತದೇನ?” ಎಂದು ಮರುಗುತ್ತಾರೆ, ಸೀಟು ಕೆಳಗಿಳಿಯುತ್ತದೆ. ಪೆಡಲು ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು ಎಂಬ ಹಳೆಯ ಸರಳ ಸೂತ್ರವೊಂದು ಉಂಟು. ಆದರೆ ಅದು ಯಾರ ಸ್ವಂತ ಸಂಶೋಧನೆಯೂ ಅಲ್ಲವಾದಕಾರಣ ನಮ್ಮಲ್ಲಿ ಅದಕ್ಕೆ ಮನ್ನಣೆಯಿಲ್ಲ.

ಗಾಳಿಯ ವಿಚಾರವಂತೂ ಇನ್ನೂ ಗಹನ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಡನ್‌ಲಪ್ ಎಂಬ ಪುಣ್ಯಾತ್ಮನು ಮಗನ ಮೂರುಗಾಲಿಯ ಬಂಡಿಗೆ ಮಾಡಿದ ಗಾಳಿಯ ಟೈರಿಗೆ 1888ರಲ್ಲಿ ಪೇಟೆಂಟು ಪಡೆದನಷ್ಟೆ. ಅದರಲ್ಲಿ ಎಷ್ಟು ಗಾಳಿ ಇರಬೇಕೆಂಬ ವ್ಯಾಜ್ಯವನ್ನು ಮಾತ್ರ ನಮಗೆ ಉಳಿಸಿಹೋದನು. 23 ಮಿಲಿಮೀಟರಿನ ಸಣಕಲು ಟೈರಿಗೆ 120 ಪೌಂಡು ತುಂಬಿ, ಟಣ್ಣೆಂದು ಬಾರಿಸಿ ನೋಡುವವರು ನಮ್ಮಲ್ಲಿ ಸನಾತನಿಗಳು. 28 ಮಿಲಿಮೀಟರಿನ ಟೈರಿಗೆ 75 ಪೌಂಡು ಹಾಕಿ, ಒರಟು ರಸ್ತೆಯಲ್ಲಿ ಇದೇ ವೇಗವೆಂದು ವಾದಿಸುವವರು ಸುಧಾರಕರು. ಉಭಯಪಕ್ಷದವರಿಗೂ ಜಾಲಿಮುಳ್ಳು ಸಮಾನವಾಗಿ ಚುಚ್ಚುತ್ತದೆ.

ಮುಳ್ಳಿನ ಮಾತು ಬಂದಾಗ ಗದಗಿನ ದಾರಿಯ ಪಂಕ್ಚರ್ ಅಂಗಡಿಯ ಕಾಕಾ ಒಬ್ಬರನ್ನು ನೆನೆಯದಿರುವುದು ಕೃತಘ್ನತೆಯಾದೀತು. “ಟ್ಯೂಬ ಬದಲೀ ಮಾಡೂದು ಆಮ್ಯಾಲ, ಮೊದಲ ಟಾಯರ ಒಳಗ ಬಟ್ಟ ಆಡಸ್ರಿ, ಮುಳ್ಳು ಅಲ್ಲೇ ಕುಂತಿರ್ತದ” ಎಂದು ಅವರು ಹೇಳಿಕೊಟ್ಟುದಕ್ಕೆ ಮೀರಿದ ವಾಕ್ಯ ನಮ್ಮ ಬಳಗದ ಸಮಸ್ತ ವಾಙ್ಮಯದಲ್ಲಿ ಇಲ್ಲ. ಅದೇ ಸೀಮೆಯಲ್ಲಿ, ಮಳೆಯಾದ ಮರುದಿನ, ಹತ್ತಿರದ ಹಾದಿಯೆಂಬ ಒಬ್ಬ ಬಲ್ಲಿದರ ಮಾತು ನಂಬಿ ಎರೆಯ ಹೊಲದ ಬಂಡಿದಾರಿಗೆ ಇಳಿದಾಗ, ಆ ಕರಿಯ ಮಣ್ಣು ಟೈರಿಗೂ ಬ್ರೇಕಿಗೂ ನಡುವೆ ಕಣಕದಂತೆ ಮೆತ್ತಿಕೊಂಡು ಗಾಲಿಗಳು ತಿರುಗುವುದನ್ನೇ ನಿಲ್ಲಿಸಿಬಿಟ್ಟವು. ಇಷ್ಟು ಹಗುರ, ಅಷ್ಟು ಹಗುರ ಎಂದು ಕೊಂಡಾಡಲ್ಪಟ್ಟ ಸೈಕಲ್ಲುಗಳು ಒಡೆಯರ ಹೆಗಲೇರಿ ಮೆರವಣಿಗೆ ಹೊರಟವು. ಹೊಲದ ಬದುವಿನಲ್ಲಿ ಕುಳಿತಿದ್ದ ಅಜ್ಜ ಇದನ್ನು ಬಹಳ ಹೊತ್ತು ನೋಡಿ, “ಯಪ್ಪಾ, ಹೊತ್ಕೊಂಡು ತಿರಗಾಕ ಅಷ್ಟ ರೊಕ್ಕಾ ಕೊಟ್ಟೀರೇನ?” ಎಂದು ಕೇಳಿದನು. ಉತ್ತರ ಹೇಳಲು ಯಾರೂ ಮುಂದಾಗಲಿಲ್ಲ.

ದೂರದ ಸವಾರಿಗಳಿಗೆ ಪ್ಯಾರಿಸಿನ ಸಂಘವೊಂದು ವಿಧಿಸಿದ ಶಾಸ್ತ್ರವಿದೆ. ಅದಕ್ಕೆ ‘ಬ್ರೆವೆ’ ಎನ್ನುತ್ತಾರೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವು. ಇದು ಪಂದ್ಯವಲ್ಲ, ಮೊದಲಿಗನಿಗೂ ಕೊನೆಯವನಿಗೂ ಒಂದೇ ಗೌರವ. ನಿಯತವಾದ ಠಾಣೆಗಳ ಹೊರತು ದಾರಿಯಲ್ಲಿ ಹಿಂಬಾಲಿಸುವ ಗಾಡಿಯ ಸಹಾಯ ಕೂಡದು ಎಂದು ನಿಯಮ ಕಟ್ಟುನಿಟ್ಟಾಗಿದೆ. ಆದರೆ ಸಲಹೆಯ ವಿಷಯದಲ್ಲಿ ಆ ಶಾಸ್ತ್ರಕಾರರು ಮೌನ ವಹಿಸಿದ್ದಾರೆ; ಅವರು ಹುಬ್ಬಳ್ಳಿಯನ್ನು ಕಂಡಿರಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ, ನಿದ್ದೆಗಣ್ಣಿನಲ್ಲಿ ತುಳಿಯುತ್ತಿರುವವನ ಬೆನ್ನ ಹಿಂದಿನ ಕತ್ತಲೆಯಿಂದ, “ಗೇರ ಬದಲಸ್ರಿ, ದೊಡ್ಡದಾತು” ಎಂಬ ಅಶರೀರವಾಣಿ ಕೇಳಿಬರುವುದುಂಟು.

ಆಹಾರದಲ್ಲಿಯೂ ಬಾಳೆಹಣ್ಣಿನ ಪಂಥ, ಶೇಂಗಾದುಂಡಿಯ ಪಂಥ, ಬರಿಹೊಟ್ಟೆಯ ಪಂಥ ಎಂದು ಮೂರಿದ್ದರೂ, ಧಾರವಾಡ ಸೇರಿ ಉಪ್ಪಿಟ್ಟಿನ ತಟ್ಟೆ ಮುಂದೆ ಬಂದು, ಅದರ ಹಿಂದೆಯೇ ಪೇಡೆಯ ಪೊಟ್ಟಣ ಬಿಚ್ಚಿದಾಗ ಮತಭೇದಗಳೆಲ್ಲ ಶಮನವಾಗುತ್ತವೆ.

ವಿಜಯಪುರ, ಬಾಗಲಕೋಟೆಯ ಸೀಮೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲವೆಂಬುದು ಸರ್ವವಿದಿತ. ಆ ಕಡೆಯ ಹುಡುಗನೊಬ್ಬ ಒಮ್ಮೆ ಸತ್ತೂರಿನ ಬಳಿ ನಮ್ಮನ್ನೆಲ್ಲ ಹಿಂದಿಕ್ಕಿ, ಮುಂದೆ ಚಹದಂಗಡಿಯಲ್ಲಿ ಸಿಕ್ಕನು. ಸೀಟು, ಗಾಳಿ, ಗೇರು, ಆಹಾರಗಳ ರಹಸ್ಯವೇನೆಂದು ನಾವು ಸುತ್ತುಗಟ್ಟಿ ಕೇಳಲಾಗಿ, ಅವನು ಸಂಕೋಚದಿಂದ, “ಏನಿಲ್ರೀ ಸರ, ದಿನಾ ಹೊಡೀತಿರಬೇಕ್ರಿ” ಎಂದಷ್ಟೇ ಹೇಳಿ ಚಹ ಮುಗಿಸಿ ಹೊರಟುಹೋದನು. ಹುಡುಗ ಏನನ್ನೋ ಮುಚ್ಚಿಡುತ್ತಿದ್ದಾನೆಂದು ನಮ್ಮ ಬಳಗ ಏಕಕಂಠದಿಂದ ನಿರ್ಣಯಿಸಿತು.

ಓದುಗರಲ್ಲಿ ಆಸಕ್ತರಾದವರು ಯಾವ ಭಾನುವಾರವಾದರೂ ಕೆರೆಯ ದಂಡೆಗೆ ದಯಮಾಡಿಸಬಹುದು, ಪ್ರವೇಶಶುಲ್ಕವಿಲ್ಲ. ಹೆಲ್ಮೆಟ್ಟು, ಹಿಂದಕ್ಕೊಂದು ಕೆಂಪು ದೀಪ, ಹೆಚ್ಚಿನದೊಂದು ಟ್ಯೂಬು, ಕೈಪಂಪು ಇಷ್ಟನ್ನು ಮಾತ್ರ ನೀವೇ ತರತಕ್ಕದ್ದು. ಉಳಿದುದನ್ನು ನಾವು ಹೇಳುತ್ತೇವೆ.